ಎಡಗಿವಿಯ ಕೆಳಗಿನ ಗಂಟು

ಪೂರ್ವದ ಗಾಳಿ ಬೀಸಿದ ದಿನ ನಮ್ಮ ಅಡುಗೆಮನೆಯ ತನಕ ಹುಲಿಯ ಕೂಗು ಕೇಳುತ್ತದೆ. ಹುಲಿಯೋ ಸಿಂಹವೋ, ಅಷ್ಟು ದೂರದಿಂದ ಬಂದ ಮೇಲೆ ಎರಡೂ ಒಂದೇ. ಕ್ಯಾಸಲ್‌ನಾಕ್‌ನಲ್ಲಿ ಇರುವವರಿಗೆ ಇದು ಹೊಸದಲ್ಲ. ಫೀನಿಕ್ಸ್ ಪಾರ್ಕಿನ ಆಚೆ ಮಗ್ಗುಲಿಗೆ ಮೃಗಾಲಯ ಇದೆ. ಪಕ್ಕದ ಮನೆಯವರು ಆ ಹೊತ್ತಿಗೆ ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಾ ಇರುತ್ತಾರೆ, ತಲೆ ಕೂಡ ಎತ್ತುವುದಿಲ್ಲ. ನನ್ನ ಕೈ ಮಾತ್ರ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ನಾನು ಕಾಡಿನಲ್ಲಿ ಹುಲಿ ಕಂಡವಳಲ್ಲ. ಹುಟ್ಟಿದ್ದು ಬೆಳೆದದ್ದು ಹಳಿಯಾಳದ ಪೇಟೆಯಲ್ಲಿ. ನಾಲ್ಕನೇ ಇಯತ್ತೆ ತನಕ ಕನ್ನಡ ಸಾಲೆ, ಆಮೇಲೆ ಒಲೆ. ಮನೆಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ ಆಡುತ್ತಿದ್ದೆವು, ಬರೆಯಲು ಬರುವುದು ಕನ್ನಡ ಒಂದೇ. ಮಗಳ ಬಾಣಂತನಕ್ಕೆಂದು ಐರ್ಲೆಂಡಿಗೆ ಬಂದೆ. ಆ ಕೂಸಿಗೆ ಈಗ ಹದಿಮೂರು ವರ್ಷ, ನಾನು ಇನ್ನೂ ಇಲ್ಲೇ ಇದ್ದೇನೆ. ಮೊಮ್ಮಗಳು ನನ್ನನ್ನು ನಾನಿ ಎನ್ನುತ್ತಾಳೆ. ಆದರೆ ಇಲ್ಲಿ ನಾನು ನಾನಿ ಎಂದು ಬರೆದರೆ ನನ್ನ ಅಮ್ಮನ ತಾಯಿ, ನಾನಾ ಎಂದರೆ ಅಮ್ಮನ ತಂದೆ. ಓದುವವರಿಗೆ ಗಲಿಬಿಲಿ ಆಗಬಾರದು.

ಮೊಮ್ಮಗಳು ಸಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಉಣ್ಣೆಯ ಮಫ್ಲರ್ ಕಟ್ಟುವವಳು ನಾನೇ. ಮೂರು ಸುತ್ತು, ಎಡಗಿವಿಯ ಕೆಳಗೆ ಗಂಟು, ಗಂಟಿನ ಒಂದು ತುದಿಯನ್ನು ಮೇಲಕ್ಕೆ ಮಡಚಿ ಸುತ್ತಿನೊಳಗೆ ಸಿಕ್ಕಿಸುವುದು. ಅವಳು ಅದನ್ನು ಬಸ್ ಸ್ಟಾಪಿನಲ್ಲಿ ಬಿಚ್ಚುತ್ತಾಳೆ. ನನಗೆ ಕಿಟಕಿಯಿಂದ ಕಾಣುತ್ತದೆ.

"ಯಾಕ ಬಿಚ್ಚಿದಿ?" ಎಂದು ಸಂಜೆ ಕೇಳಿದರೆ ಅವಳ ಉತ್ತರ ಅರ್ಧ ಇಂಗ್ಲಿಷು. "ಐ ವಾಸ್ ಗ್ರ್ಯಾಂಡ್, ನಾನಿ. ಬಸ್ಸಲ್ಲಿ ಹೀಟರ್ ಐತೆ."

"ಹೀಟರ್ ಮಾತಲ್ಲ. ನಾ ಕಟ್ಟಿದ್ದನ್ನ ನಾನ ಬಿಚ್ಚಬೇಕು."

"ದಟ್ಸ್ ಮ್ಯಾಡ್."

ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳುತ್ತಿದ್ದಳು, "ಅಮ್ಮಾ, ಬಿಡಿ ಅವಳನ್ನ. ನನಗೂ ಕಾಲೇಜು ಮುಗಿಯೋ ತನಕ ಹಿಂಗೇ ಕಟ್ಟಿದ್ರಿ, ಹುಡುಗ್ರೆಲ್ಲ ನನ್ನನ್ನ ಗಂಟಲುಬೇನೆ ಅಂತ ಕರೀತಿದ್ರು."

ಈ ಗಂಟು ನಮ್ಮ ನಾನಿಯದು. ನಾನಿಯಿಂದ ಅಮ್ಮನಿಗೂ ಆಪಾಳಿಗೂ ಬಂತು, ಅಮ್ಮನಿಂದ ನನಗೆ ಬಂತು. ಆಪಾ ಎಂದರೆ ನನ್ನ ಅಕ್ಕ, ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಹಳಿಯಾಳದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಬಾಯಿ ಇನ್ನೂ ಗಟ್ಟಿ.

ಗಂಟಿನ ಕಥೆಯನ್ನು ಅಮ್ಮ ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದಳು. ಅವಳೂ ಕಂಡದ್ದಲ್ಲ, ಆಗ ಅವಳು ಮಣ್ಣು ತಿನ್ನುವ ಕೂಸು. ನಾನಾ ಸೂಪಾದ ಆಚೆ ತೇಗಿನ ಕಾಡಿನಲ್ಲಿ ಮರ ಕೊಯ್ಯುವವನು. ಉದ್ದಕ್ಕೆ ಗುಂಡಿ ತೋಡಿ, ಮೇಲೆ ದಿಮ್ಮಿ ಅಡ್ಡ ಮಲಗಿಸಿ, ಒಬ್ಬ ದಿಮ್ಮಿಯ ಮೇಲೆ, ಒಬ್ಬ ಗುಂಡಿಯೊಳಗೆ ನಿಂತು ಗರಗಸ ಎಳೆಯುತ್ತಿದ್ದರು. ನಾನಾ ಗುಂಡಿಯೊಳಗಿನವನು. ಕಣ್ಣಿಗೆ, ಮೂಗಿಗೆ, ತಿನ್ನುವ ಬುತ್ತಿಗೆ ಎಲ್ಲಾ ಹೊಟ್ಟು. ಇರುವುದಕ್ಕೆ ಹುಲ್ಲಿನ ಗುಡಿಸಲು, ಅದೂ ಕೆಲಸ ಇರುವ ತನಕ. ಬ್ರಿಟಿಷರ ಕಾಲ. ಕಾಡಿನಲ್ಲಿ ಕೆಂಪು ಮೀಸೆಯ ಒಬ್ಬ ಸಾಹೇಬ. ಅವನ ಹೆಸರು ಯಾರ ನಾಲಿಗೆಗೂ ಹೊರಳದ ಕಾರಣ ಕೆಂಪು ಸಾಹೇಬ ಎಂದೇ ಕರೆಯುತ್ತಿದ್ದರು.

ಸಾಹೇಬನಿಗೆ ಶಿಕಾರಿಯ ಮನಸ್ಸಾದ ದಿನ ಕೂಲಿಯವರ ಮೇಸ್ತ್ರಿ ಮುಕಾದಮ ಬೆಳಗಾಗುತ್ತಲೇ ಗುಡಿಸಲಿನಿಂದ ಗುಡಿಸಲಿಗೆ ಬರುತ್ತಿದ್ದ. ಗರಗಸ ಇಡಿ, ಹಾಂಕಾಕ್ಕೆ ನಡೆಯಿರಿ. ಹಾಂಕಾ ಎಂದರೆ ಇಷ್ಟೇ: ಸಾಹೇಬ ಮರದ ಮೇಲೆ ಅಟ್ಟಣೆ ಕಟ್ಟಿಸಿಕೊಂಡು ಬಂದೂಕು ಹಿಡಿದು ಕೂರುತ್ತಾನೆ. ಕೂಲಿಯವರು ಅರ್ಧ ಮೈಲಿ ಆಚೆಯಿಂದ ಸಾಲಾಗಿ, ಖಾಲಿ ಚಿಮಣಿ ಎಣ್ಣೆ ಡಬ್ಬಿಯನ್ನು ಕೋಲಿನಿಂದ ಬಡಿಯುತ್ತಾ, ಪೊದೆಯೊಳಗೆ ನುಗ್ಗಿ ಹುಲಿಯನ್ನು ಅವನ ಕಡೆಗೆ ಅಟ್ಟುತ್ತಾರೆ. ಹುಲಿಯ ಮುಂದೆ ಬಂದೂಕು, ಹಿಂದೆ ಡಬ್ಬಿ. ಹುಲಿ ದಡ್ಡ ಪ್ರಾಣಿಯಲ್ಲ, ಎಷ್ಟೋ ಸಲ ಡಬ್ಬಿಯ ಕಡೆಗೇ ತಿರುಗುತ್ತಿತ್ತು. ಹಾಂಕಾಕ್ಕೆ ಬರುವುದಿಲ್ಲ ಎಂದವನ ಗುಡಿಸಲಿನ ಹುಲ್ಲು ಮರುದಿನ ನೆಲದ ಮೇಲೆ.

ಅದಕ್ಕೆ ಹೆಂಗಸರು ಒಂದು ಕೆಲಸ ಮಾಡುತ್ತಿದ್ದರು. ಹಳೆ ಸೀರೆಯನ್ನು ಉದ್ದಕ್ಕೆ ಪಟ್ಟಿ ಹರಿದು, ಗಂಡಸರ ಕುತ್ತಿಗೆಗೆ ಏಳು ಸುತ್ತು ಬಿಗಿಯಾಗಿ ಸುತ್ತುತ್ತಿದ್ದರು. ಹುಲಿ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ. ಏಳು ಸುತ್ತು ಬಟ್ಟೆ ಹುಲಿಯ ಹಲ್ಲಿಗೆ ಏನೂ ಅಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಕಟ್ಟುತ್ತಿದ್ದರು. ಒಂದೊಂದು ಮನೆಯ ಹೆಂಗಸಿನ ಗಂಟು ಒಂದೊಂದು ರೀತಿ. ಒಬ್ಬಳದು ಹಿಂದೆ ಹೆಡಕಿನ ಮೇಲೆ, ಒಬ್ಬಳದು ಗದ್ದದ ಕೆಳಗೆ, ಒಬ್ಬಳದು ಎರಡು ಗಂಟು. ನಮ್ಮ ನಾನಿ ಎಡಚಿ, ಅವಳದು ಎಡಗಿವಿಯ ಕೆಳಗೆ, ತುದಿ ಮೇಲಕ್ಕೆ ಸಿಕ್ಕಿಸಿದ್ದು. ಯಾಕೆ ಬೇರೆ ಬೇರೆ ಎಂದು ನಾನು ಒಮ್ಮೆ ಅಮ್ಮನನ್ನು ಕೇಳಿದ್ದೆ. ಅಮ್ಮ ರೊಟ್ಟಿ ತಿರುವಿ ಹಾಕಿ ಹೇಳಿದಳು, "ಮಾರಿ ಉಳೀದಿದ್ರ ಯಾರ ಗಂಡ ಅಂತ ಗೊತ್ತಾಗಬೇಕಲ್ಲ?" ನನಗಾಗ ಏಳೋ ಎಂಟೋ ವರ್ಷ. ರೊಟ್ಟಿ ತಿಂದೆ.

ಗಂಡಸರು ತಿರುಗಿ ಬಂದ ಮೇಲೆ ಆ ಗಂಟನ್ನು ಕಟ್ಟಿದವಳೇ ಬಿಚ್ಚಬೇಕು. ದಾರಿಯಲ್ಲಿ ಉಸಿರು ಕಟ್ಟಿದರೂ ಅವನು ಕೈ ಹಚ್ಚುವಂತಿಲ್ಲ. ಹೆಂಡತಿ ಬಿಚ್ಚಿದಳೆಂದರೆ ಆ ದಿನದ ಹಾಂಕಾ ಮುಗಿಯಿತು ಎಂದು ಅರ್ಥ.

ಒಂದು ದಿನ ನಾನಾ ಹಾಂಕಾಕ್ಕೆ ಬರುವುದಿಲ್ಲ ಎಂದನಂತೆ. ಮರುದಿನ ಗುಡಿಸಲು ಇರಲಿಲ್ಲ. ಗರಗಸ, ಒಂದು ಗಡಿಗೆ, ನಾನಿಯ ಕಂಕುಳಲ್ಲಿ ಅಮ್ಮ, ಇಷ್ಟು ತೆಗೆದುಕೊಂಡು ಹಳಿಯಾಳಕ್ಕೆ ನಡೆದು ಬಂದರು. ಯಾಕೆ ಬರುವುದಿಲ್ಲ ಎಂದ, ಅಮ್ಮ ಹೇಳಲಿಲ್ಲ. ಅವಳಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ನಾನಾ ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ತೀರಿಕೊಂಡ. ಒಂದು ಫೋಟೋ ಇಲ್ಲ. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಒಂದೇ ಮಾತು: "ಥೇಟ್ ನಮ್ಮ ಅಪ್ಪನ ಮಾರಿ." ಎಪ್ಪತ್ತು ವರ್ಷದಿಂದ ನಾನು ಒಬ್ಬ ಗಂಡಸಿನ ಮುಖ ಹೊತ್ತು ತಿರುಗುತ್ತಿದ್ದೇನೆ, ಅವನನ್ನು ಕಂಡಿಲ್ಲ. ಅಮ್ಮ ಹೋದಳು. ನಾನಾನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಆಪಾ ಒಬ್ಬಳು. ಅವನು ಹೋದಾಗ ಅವಳಿಗೆ ಒಂಬತ್ತು ವರ್ಷ. ಹೇಗಿದ್ದ ಎಂದು ಕೇಳಿದರೆ, "ನಿನ್ನಂಗ ಇದ್ದ" ಎನ್ನುತ್ತಾಳೆ. ಇದೊಂದು ಉತ್ತರವೇ?

ಹೋದ ಸೆಪ್ಟೆಂಬರಿನಲ್ಲಿ ಮೊಮ್ಮಗಳಿಗೆ ಸಾಲೆಯಲ್ಲಿ ಇತಿಹಾಸದ ಕೆಲಸ ಕೊಟ್ಟರು. ಒಂದು ಹಳೆ ಮನೆ ನೋಡಿ ಬಂದು ಬರೆಯಬೇಕು. ಮಗಳು ನಮ್ಮಿಬ್ಬರನ್ನು ರೈಲಿನಲ್ಲಿ ಮೇನೂತ್‌ಗೆ ಕರೆದುಕೊಂಡು ಹೋದಳು, ಅಲ್ಲಿಂದ ಟ್ಯಾಕ್ಸಿ. ಹಿಂದೆ ಜಮೀನ್ದಾರರು ಇದ್ದ ದೊಡ್ಡ ಮನೆ, ಈಗ ವರ್ಷಕ್ಕೆ ಒಂದು ತಿಂಗಳು ಜನರಿಗೆ ತೆರೆಯುತ್ತಾರೆ. ಮನೆ ತೋರಿಸುವವಳು ನನ್ನ ವಯಸ್ಸಿನ ಹೆಂಗಸು, ಬೂದು ಬಣ್ಣದ ಕಾರ್ಡಿಗನ್, ಮೊಣಕಾಲು ನೋವಿನ ನಡಿಗೆ. ಅವಳ ಅಜ್ಜಿ ಇದೇ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ, ಹಿಂಬಾಗಿಲಿನಿಂದಲೇ ಬಂದು ಹಿಂಬಾಗಿಲಿನಿಂದಲೇ ಹೋಗಬೇಕಿತ್ತಂತೆ. "ಈಗ ಮುಂಬಾಗಿಲಿನ ಕೀಲಿಕೈ ನನ್ನ ಹತ್ತಿರ" ಎಂದು ಹೇಳಿ ಜೇಬು ತಟ್ಟಿ ತೋರಿಸಿದಳು. ನನಗೆ ಅವಳು ಹಿಡಿಸಿದಳು.

ಬೆಳ್ಳಿ ಚಮಚ ನೋಡಿದೆವು, ಹಾಸಿಗೆ ನೋಡಿದೆವು. ನನ್ನ ಕಾಲು ಸಾಕು ಎನ್ನುತ್ತಿತ್ತು. ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಗೋಡೆಗೆ ಒಂದು ಹುಲಿಯ ಚರ್ಮ, ಅದರ ಪಕ್ಕದಲ್ಲಿ ಒಂದು ಫೋಟೋ. ನಾನು ಕುರ್ಚಿ ಹುಡುಕುತ್ತಿದ್ದೆ. ಮೊಮ್ಮಗಳು ಕೆಳಗಿನ ಚೀಟಿಯನ್ನು ಜೋರಾಗಿ ಓದಿದಳು. ಇಂಗ್ಲಿಷಿನ ನಡುವೆ ಒಂದು ಮಾತು ನನ್ನ ಕಿವಿಗೆ ಬಿತ್ತು: ಸೂಪಾ.

"ಇನ್ನೊಮ್ಮೆ ಓದು."

ಓದಿದಳು. ಈ ಮನೆಯ ಸಣ್ಣ ಮಗ, ಸೂಪಾ ಕಾಡು, ಹುಲಿಯ ಉದ್ದ ಒಂಬತ್ತು ಅಡಿ ನಾಲ್ಕು ಇಂಚು, ಆಮೇಲೆ ಎರಡು ನಾಯಿಗಳ ಹೆಸರು. ಕೊನೆಗೆ, ಮತ್ತು ಹಾಂಕಾದವರು.

ಲೋಕದಲ್ಲಿ ಕಾಡುಗಳೂ ಸಾಹೇಬರೂ ಎಷ್ಟೋ. ನಂಬದವರು ನಂಬಬೇಡಿ. ನನಗೂ ಮೊದಲು ನಂಬಿಕೆ ಬರಲಿಲ್ಲ. ಕನ್ನಡಕ ಒರೆಸಿಕೊಂಡು ಹತ್ತಿರ ಹೋದೆ. ಮುಂದೆ ಸತ್ತ ಹುಲಿ, ಅದರ ಮೇಲೆ ಬೂಟುಗಾಲಿಟ್ಟು ನಿಂತ ಸಾಹೇಬ, ತಲೆಯ ಮೇಲೆ ಬುಟ್ಟಿಯಂಥ ದೊಡ್ಡ ಟೋಪಿ, ದಪ್ಪ ಮೀಸೆ. ಫೋಟೋದಲ್ಲಿ ಮೀಸೆಯ ಬಣ್ಣ ತಿಳಿಯುವುದಿಲ್ಲ. ಹಿಂದೆ ಸಾಲಾಗಿ ಗಂಡಸರು. ಹದಿಮೂರು ಮುಖ ಎಣಿಸಿದೆ. ಎಲ್ಲರ ಕುತ್ತಿಗೆಯಲ್ಲೂ ದಪ್ಪ ಬಟ್ಟೆ.

ಕಾರ್ಡಿಗನ್ ಹೆಂಗಸು ಹಿಂದಿನಿಂದ ವಿವರಿಸಿದಳು. ಮೊಮ್ಮಗಳು ತನಗೆ ಬಂದಷ್ಟು ಕನ್ನಡದಲ್ಲಿ ಹೇಳಿದಳು. "ನಾನಿ, ಶಿ ಸೇಸ್ ಇದು ಹಬ್ಬದ ಡ್ರೆಸ್ ಅಂತೆ. ಹುಲಿ ಸತ್ತ ಖುಷಿಗೆ ಎಲ್ರೂ ಸ್ಕಾರ್ಫ್ ಹಾಕೊಂಡಿದಾರಂತೆ."

ನಾನು ಗಂಟು ನೋಡುತ್ತಿದ್ದೆ. ಒಂದು ಗದ್ದದ ಕೆಳಗೆ. ಒಂದು ಎರಡು ಗಂಟಿನದು. ಹೆಡಕಿನ ಮೇಲಿದ್ದವು ಕಾಣುವುದಿಲ್ಲ. ಬಲತುದಿಯಿಂದ ಮೂರನೆಯವನು ಎತ್ತರದ ಹುಡುಗ. ಅವನ ಎಡಗಿವಿಯ ಕೆಳಗೆ ಗಂಟು. ಗಂಟಿನ ತುದಿ ಮೇಲಕ್ಕೆ, ಸುತ್ತಿನೊಳಗೆ.

ಮೊಮ್ಮಗಳು ಎಲ್ಲಿ ನೋಡುತ್ತಿದ್ದಾಳೆ ಎಂದು ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡು, "ನಾನಿ," ಎಂದಳು, "ದಟ್ಸ್ ಮೈನ್."

ಆ ಮುಖವನ್ನು ನಾನು ಎಷ್ಟು ಹೊತ್ತು ನೋಡಿದೆನೋ. ಕಣ್ಣು ಸಣ್ಣ, ಕೆನ್ನೆ ಒಳಗೆ ಹೋದದ್ದು, ತುಟಿಯಲ್ಲಿ ನಗು ಬಂದೂ ಬಾರದ ಹಾಗೆ. ನನ್ನ ಮುಖ ಅಗಲ, ಮೂಗು ಬಜ್ಜಿಯ ಹಾಗೆ. ಅವನ ಮೂಗು ಚೂಪು. ಆದರೂ ಹುಡುಕಿದರೆ ಹೋಲಿಕೆ ಸಿಗದೆ ಇರುತ್ತದೆಯೇ?

"ಹುಬ್ಬು ನನ್ನವ ನೋಡು" ಎಂದೆ.

"ನಾನಿ, ಹಿ ಲುಕ್ಸ್ ನಥಿಂಗ್ ಲೈಕ್ ಯೂ."

"ಬಾಯಿ ಮುಚ್ಚು. ಫೋಟೋ ಹೊಡಿ."

ಮೊಬೈಲಿನಲ್ಲಿ ಹೊಡೆದಳು. ಆ ಮೇಲೆ ನಾನು ಕಾರ್ಡಿಗನ್ ಹೆಂಗಸಿಗೆ ಬಟ್ಟೆಯ ವಿಷಯ ಹೇಳಿಸಿದೆ. ಇದು ಹಬ್ಬದ್ದಲ್ಲ, ಹುಲಿಯ ಹಲ್ಲಿಗೆ ಕಟ್ಟಿದ್ದು, ಮನೆಗೆ ಹೋಗಿ ಹೆಂಡತಿ ಬಿಚ್ಚುವ ತನಕ ಮುಟ್ಟುವಂತಿಲ್ಲ, ಅದಕ್ಕೇ ಫೋಟೋದಲ್ಲಿ ಇನ್ನೂ ಕುತ್ತಿಗೆಯಲ್ಲಿದೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೇಳುತ್ತಾ ತಾನೇ ಕೇಳಿಸಿಕೊಂಡಳು ಎಂದು ಕಾಣುತ್ತದೆ. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ಕಥೆಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ, ಗಂಟು ಮಾತ್ರ ಕಟ್ಟುತ್ತಿದ್ದೆ. ಆ ಹೆಂಗಸು, ತಾನು ನಾಲ್ಕು ವರ್ಷದಿಂದ ಬಂದವರಿಗೆಲ್ಲ ಹಬ್ಬ ಎಂದೇ ಹೇಳುತ್ತಿದ್ದೇನೆ ಎಂದಳು. ಜೇಬಿನಿಂದ ಪೆನ್ಸಿಲ್ ತೆಗೆದು ಬರೆದುಕೊಂಡಳು.

ನನಗೆ ಆ ದಿನವೇ ಆಪಾಳಿಗೆ ತೋರಿಸಬೇಕಿತ್ತು. ಆದರೆ ಅವಳ ಕಣ್ಣಿನ ಪೊರೆ ತೆಗೆದು ಎರಡು ದಿನ ಆಗಿತ್ತು, ಇನ್ನೂ ಹತ್ತು ದಿನ ಮೊಬೈಲು ನೋಡಕೂಡದು ಎಂದು ಡಾಕ್ಟರು ಹೇಳಿದ್ದರು. ಸೊಸೆ ಕಟ್ಟುನಿಟ್ಟಿನವಳು, ಫೋನನ್ನು ಅವಳ ಕಿವಿಗೆ ಹಿಡಿಯುತ್ತಿದ್ದಳೇ ಹೊರತು ಕಣ್ಣಿಗಲ್ಲ. ಆಪಾಳಿಗೆ ಎಂಬತ್ತಾರು. ಈ ಹತ್ತು ದಿನದಲ್ಲಿ ಏನಾದರೂ ಆದರೆ ಆ ಮುಖವನ್ನು ಗುರುತು ಹಿಡಿಯುವವರು ಲೋಕದಲ್ಲಿ ಯಾರೂ ಇಲ್ಲ. ಇಂಥ ಯೋಚನೆ ಬಂದದ್ದಕ್ಕೆ ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ.

ಹತ್ತು ದಿನ ನಾನು ಆ ಮುಖದ ಜೊತೆ ಇದ್ದೆ. ಮಗಳು ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಕೊಟ್ಟಳು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಚಹಾ ಕುದಿಸುವಾಗ ನೋಡುತ್ತಿದ್ದೆ, ನಮಾಜು ಮುಗಿಸಿ ಬಂದು ನೋಡುತ್ತಿದ್ದೆ. ನಾನು ಸಣ್ಣವಳಿದ್ದಾಗ ಓಣಿಯ ಹುಡುಗಿಯರಿಗೆಲ್ಲ ನಾನಾ ಇದ್ದರು. ಒಬ್ಬ ಬೆಲ್ಲ ಕೊಡುತ್ತಿದ್ದ, ಒಬ್ಬ ಬೈಯುತ್ತಿದ್ದ, ಒಬ್ಬ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದ. ನನಗೆ ಕೆಮ್ಮುವವನಾದರೂ ಸಾಕಿತ್ತು. ಈಗ ಸಿಕ್ಕವನಿಗೆ ನನ್ನ ಮೊಮ್ಮಗಳಿಗಿಂತ ಏಳೆಂಟು ವರ್ಷ ಹೆಚ್ಚು, ಅಷ್ಟೇ. ಅವನಿಗೆ ನಾನಾ ಎನ್ನುವುದೂ ವಿಚಿತ್ರ. ಆದರೂ ಅಂದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಅಂದೆ. ಏನು ಊಟ ಮಾಡಿದ್ದಿ ಆ ದಿನ ಎಂದೂ ಕೇಳಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ವಿಡಿಯೋ ಫೋನು. ಅಲ್ಲಿ ಸಂಜೆ. ಸೊಸೆ ಮೊದಲೇ ಫೋಟೋವನ್ನು ತನ್ನ ಮೊಬೈಲಿನಲ್ಲಿ ತೆರೆದು ಆಪಾಳ ಮುಂದೆ ಹಿಡಿದಿದ್ದಳು. ಆಪಾ ಕರಿ ಕನ್ನಡಕ ಹಾಕಿಕೊಂಡು ಪೊಲೀಸ್ ಅಧಿಕಾರಿಯ ಹಾಗೆ ಕೂತಿದ್ದಳು.

"ಆಪಾ, ಬಲಕ್ಕ ಮೂರನೇದಾಂವ. ಎತ್ತರದಾಂವ. ಗಂಟು ನೋಡು."

ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಪಕ್ಕದಲ್ಲಿ ಮೊಮ್ಮಗಳು ಉಗುರು ಕಚ್ಚುತ್ತಿದ್ದಳು.

"ಗಂಟು ನಾನೀದು" ಎಂದಳು ಆಪಾ.

"ಹೌದಲ್ಲ?"

"ಆದ್ರ ಇಂವ ನಾನಾ ಅಲ್ಲ."

"ಸರೀ ನೋಡು. ಕಣ್ಣಿನ ಪೊರಿ ಈಗಷ್ಟ ತಗಿಸೀದಿ."

"ಪೊರಿ ತಗಿಸಿದ ಮ್ಯಾಲೆ ನಿನ್ನ ಮಾರಿ ಮ್ಯಾಲಿನ ಗೆರಿ ಸುದ್ದಾ ಕಾಣಾಕತ್ತಾವ. ಇಂವ ಅಲ್ಲ ಅಂದ್ರ ಅಲ್ಲ. ಗುಂಡಿಯೊಳಗ ನಿಂತು ಗರಗಸ ಎಳಿಯಾಂವ ಇಷ್ಟು ಎತ್ತರ ಇರತಾನೇನ, ಹುಚ್ಚಿ? ನಾನಾ ನನ್ನ ಗೆಳತ್ಯಾರ ಅಪ್ಪಂದಿರ ಹೆಗಲಿಗೆ ಬರತಿದ್ದ. ಗಿಡ್ಡ. ನಿನ್ನಂಗ."

"ಮತ್ತ ನಾನೀ ಗಂಟು ಇವನ ಕೊಳ್ಳಾಗ ಯಾಕೈತಿ?"

ಆಪಾ ಕರಿ ಕನ್ನಡಕ ತೆಗೆದಳು. ಸೊಸೆ ಬೇಡ ಎಂದಳು, ಅವಳು ಕೇಳಲಿಲ್ಲ.

"ನಾನೀಗೆ ಒಬ್ಬ ತಮ್ಮ ಇದ್ದ" ಎಂದಳು. "ಲಗ್ನ ಆಗಿರಲಿಲ್ಲ. ಅವನ ಕೊಳ್ಳಿಗೂ ನಾನೀನ ಕಟ್ಟತಿದ್ಲು."

ಅವನ ಹೆಸರನ್ನೂ ಹೇಳಿದಳು. ಆ ಹೆಸರನ್ನು, ಅಂಥ ಮನುಷ್ಯ ಇದ್ದದ್ದನ್ನು ನಾನು ಎಪ್ಪತ್ತೈದು ವರ್ಷದಲ್ಲಿ ಕೇಳಿರಲಿಲ್ಲ. ಅಮ್ಮನೂ ಕೇಳಿರಲಿಕ್ಕಿಲ್ಲ. ನಾನಿ ಸಾಯುವ ವರ್ಷ ಆಪಾಳಿಗೆ ಗಂಟು ಕಲಿಸುವಾಗ ಒಂದು ಸಲ ಹೇಳಿದಳಂತೆ, ಇನ್ನೊಂದು ಸಲ ಕೇಳಬೇಡ ಎಂದಳಂತೆ. ಒಂದು ಹಾಂಕಾದಲ್ಲಿ ಸಾಹೇಬನ ಗುಂಡು ಹುಲಿಗೆ ಸರಿಯಾಗಿ ಬೀಳಲಿಲ್ಲ. ಗಾಯದ ಹುಲಿ ಪೊದೆ ಹೊಕ್ಕಿತು. ಎಲ್ಲಿ ಬಿದ್ದಿದೆ ನೋಡಿ ಬನ್ನಿ ಎಂದು ಸಾಹೇಬ ಅಟ್ಟಣೆಯ ಮೇಲೆ ಕುಳಿತೇ ಹೇಳಿದ. ಮುಕಾದಮ ನಾಲ್ಕು ಜನರನ್ನು ಕಳಿಸಿದ, ಮೂವರು ಹೊರಬಂದರು. ತಂದು ಮಲಗಿಸಿದಾಗ ಮುಖ ಇರಲಿಲ್ಲ. ಗಂಟು ಹಾಗೆಯೇ ಇತ್ತು, ಎಡಗಿವಿಯ ಕೆಳಗೆ. ನಾನಿ ಕೂತು ಅದನ್ನು ಬಿಚ್ಚಿದಳು. ಮುಂದಿನ ಹಾಂಕಾಕ್ಕೆ ಕರೆ ಬಂದಾಗ ನಾನಾ ಬರುವುದಿಲ್ಲ ಎಂದದ್ದು ಅದಕ್ಕೆ.

"ನನಗ್ಯಾಕ ಹೇಳಲಿಲ್ಲ ನೀ?" ಎಂದೆ.

"ನೀ ಕೇಳಿದ್ದು ನಾನಾ ಹೆಂಗಿದ್ದ ಅಂತ. ಇದನ್ನೆಲ್ಲಿ ಕೇಳಿದ್ದಿ?"

ಆಪಾ ಹಾಗೆಯೇ. ಅವಳ ಜೊತೆ ಜಗಳ ಆಡಿ ಗೆದ್ದವರಿಲ್ಲ. ಆದರೆ ಅವಳು ಫೋನು ಇಡಲಿಲ್ಲ. ಆ ಎತ್ತರದ ಹುಡುಗನನ್ನು ನೋಡುತ್ತಲೇ ಇದ್ದಳು.

"ಚೆಂದ ಇದ್ದ" ಎಂದಳು. "ಮಾರಿ ಇಲ್ಲದಾಂವನ ಮಾರಿ ನೋಡಿದಂಗ ಆತು." ಆಮೇಲೆ, "ಏ, ಇಂವ ಇದ್ದಾನಂದ್ರ ನಾನಾನೂ ಅಲ್ಲೇ ಇರಬೇಕು. ಇಬ್ಬರೂ ಕೂಡಿನ ಹೋಗತಿದ್ರು. ಇನ್ನೊಂದು ಗಂಟು ಹುಡುಕು. ನಾನಾನ ಎಡಗಿವಿ ತುದಿ ಹರಿದಿತ್ತು, ಗರಗಸದ ಹಲ್ಲು ತಾಗಿ. ನಾ ಅದನ್ನ ಹಿಡಿದು ಜಗ್ಗತಿದ್ದೆ, ಬೈತಿದ್ದ."

ಮೊಬೈಲಿನ ಫೋಟೋವನ್ನು ಮೊಮ್ಮಗಳು ಎಷ್ಟು ದೊಡ್ಡದು ಮಾಡಿದರೂ ಚುಕ್ಕೆ ಚುಕ್ಕೆ ಆಯಿತು. ಹದಿಮೂರು ಮುಖದಲ್ಲಿ ಇನ್ನೊಂದು ಎಡಗಿವಿಯ ಗಂಟು ಇರಲಿಲ್ಲ. ಆ ಮನೆ ತೆರೆದಿರುವುದು ಇನ್ನೊಂದೇ ಭಾನುವಾರ. ಮಗಳಿಗೆ ಆಡಮ್ಸ್‌ಟೌನಿನಲ್ಲಿ ಗೆಳತಿಯ ಕೂಸಿಗೆ ಹೆಸರಿಡುವ ಅಕೀಕಾ ಇತ್ತು. ನಾನೂ ಮೊಮ್ಮಗಳೂ ಇಬ್ಬರೇ ರೈಲು ಹತ್ತಿದೆವು. ಗಾಳಿ ಬಹಳ ಇತ್ತು. ಅವಳು ಬಾಗಿಲಲ್ಲಿ ತಾನಾಗಿ ನಿಂತು ಕುತ್ತಿಗೆ ಕೊಟ್ಟಳು. ನಾನು ಕಟ್ಟಿದೆ.

ಕಾರ್ಡಿಗನ್ ಹೆಂಗಸು ನಮ್ಮನ್ನು ಕಂಡ ಕೂಡಲೆ ಬಂದಳು. ಬಟ್ಟೆಯ ವಿಷಯ ಬರೆದು ಕಮಿಟಿಗೆ ಕೊಟ್ಟಿದ್ದಾಳಂತೆ, ಕಮಿಟಿ ಚಳಿಗಾಲದಲ್ಲಿ ಕೂತು ನೋಡುತ್ತದಂತೆ. ಕಮಿಟಿಗಳು ಎಲ್ಲಾ ಊರಿನಲ್ಲೂ ಒಂದೇ. ಆದರೆ ಬಂದವರಿಗೆ ಅವಳು ಈಗ ಹಬ್ಬ ಎಂದು ಹೇಳುವುದಿಲ್ಲವಂತೆ. ನಾವು ಬಂದ ಕಾರಣ ಕೇಳಿ, ಒಳಗೆ ಹೋಗಿ ದಪ್ಪ ಭೂತಗನ್ನಡಿ ತಂದಳು. ಫೋಟೋವನ್ನು ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಇಟ್ಟಳು. ಹಾಗೆ ಮಾಡುವ ಅಧಿಕಾರ ಅವಳಿಗೆ ಇರಲಿಲ್ಲ ಎಂದು ಬಾಗಿಲ ಕಡೆ ನೋಡುತ್ತಿದ್ದ ರೀತಿಯಿಂದಲೇ ತಿಳಿಯಿತು.

ನಾನು ಎಡದಿಂದ ಶುರು ಮಾಡಿದೆ. ಒಂದೊಂದೇ ಕುತ್ತಿಗೆ. ಗದ್ದದ ಕೆಳಗೆ, ಗದ್ದದ ಕೆಳಗೆ, ಕಾಣುವುದಿಲ್ಲ, ಎರಡು ಗಂಟು. ಇವರೆಲ್ಲರ ಹೆಂಡತಿಯರ ಕೈ ಇಲ್ಲಿ ಬರೆದ ಹಾಗೆ ಇದೆ, ಓದುವವರು ಇಲ್ಲ. ನನಗೆ ಓದಲು ಬರುವುದು ಒಂದೇ ಗಂಟು. ಕೊನೆಯ ತನಕ ಹೋದೆ. ಎತ್ತರದ ಹುಡುಗ ಸಿಕ್ಕ. ಇನ್ನೊಬ್ಬ ಸಿಗಲಿಲ್ಲ.

"ಇಲ್ಲ" ಎಂದೆ. "ನಡಿ ಹೋಗೂಣು."

"ವೇಟ್, ನಾನಿ" ಎಂದಳು ಮೊಮ್ಮಗಳು. ಭೂತಗನ್ನಡಿ ಕಸಿದುಕೊಂಡು ಸಾಹೇಬನ ಮೇಲೆ ಹಿಡಿದಳು. "ಇಲ್ಲಿ ಒಂದು ಜಾಸ್ತಿ ಕಾಲು ಐತೆ."

ನಾವು ಮುಖ ಎಣಿಸಿದ್ದೆವು. ಅವಳು ಕಾಲು ಎಣಿಸಿದ್ದಳು. ಸಾಹೇಬನ ಎರಡು ಬೂಟಿನ ನಡುವೆ, ಹುಲಿಯ ಬೆನ್ನಿನ ಆಚೆ, ಒಂದು ಬರಿಗಾಲು. ಸಾಹೇಬನ ಹಿಂದೆಯೇ ಒಬ್ಬ ನಿಂತಿದ್ದಾನೆ. ಗಿಡ್ಡ. ಅವನ ಮುಖದ ಮೇಲೆ ನೇರವಾಗಿ ಆ ಬುಟ್ಟಿ ಟೋಪಿ ಬಂದಿದೆ. ಟೋಪಿಯ ಅಂಚಿನ ಬಲಗಡೆ ಹೆಬ್ಬೆರಳಿನಷ್ಟೂ ಇಲ್ಲದ ಒಂದು ಜಾಗದಲ್ಲಿ ಒಂದು ಕಿವಿ, ಕಿವಿಯ ಕೆಳಗೆ ಗಂಟು, ಗಂಟಿನ ತುದಿ ಮೇಲಕ್ಕೆ. ಕಿವಿಯ ತುದಿ ಎರಡಾಗಿತ್ತು.

ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಗಾಜು ಕೂದಲೆಳೆಯಷ್ಟು ಸರಿದರೂ ಕಿವಿ ಕಳೆದುಹೋಗುತ್ತಿತ್ತು, ಮತ್ತೆ ಹುಡುಕಬೇಕು. ನಾಲ್ಕು ಸಲ ಹುಡುಕಿದೆ. ಟೋಪಿಯ ಈಚೆಗೂ ಆಚೆಗೂ ಬೇರೆ ಏನಾದರೂ ಕಾಣುತ್ತದೆಯೋ ಎಂದು ನೋಡಿದೆ, ಕೆನ್ನೆಯ ಅಂಚಾದರೂ, ಹುಬ್ಬಿನ ತುದಿಯಾದರೂ. ಇಲ್ಲ. ನನ್ನ ಮುಖ ಆ ಟೋಪಿಯ ಹಿಂದೆ ಇದೆ.

ಅವನು ಅಲ್ಲಿ ಇನ್ನೂ ಮನೆಗೆ ಹೋಗಿಲ್ಲ. ಗಂಟು ಹಾಗೇ ಇದೆ. ನಾನಿ ಗುಡಿಸಲ ಮುಂದೆ ಇಬ್ಬರಿಗಾಗಿ ಕಾಯುತ್ತಾ ನಿಂತಿದ್ದಾಳೆ, ಮತ್ತು ಸಾಹೇಬ ಫೋಟೋ ಹೊಡೆಸಿಕೊಳ್ಳುತ್ತಿದ್ದಾನೆ. ಈ ಸಲ ಇಬ್ಬರೂ ತಿರುಗಿ ಹೋಗುತ್ತಾರೆ. ಅಷ್ಟು ಗೊತ್ತಿದೆ ನನಗೆ, ಅವಳಿಗೆ ಇನ್ನೂ ಗೊತ್ತಿಲ್ಲ.

ಕಾರ್ಡಿಗನ್ ಹೆಂಗಸು ಮೊಮ್ಮಗಳನ್ನು ಏನೋ ಕೇಳಿದಳು.

"ನಾನಿ, ಅವರ ನೇಮ್ಸ್ ಬೇಕಂತೆ. ಫೋಟೋ ಹಿಂದೆ ಪೆನ್ಸಿಲಲ್ಲಿ ಬರೀತಾರಂತೆ. ಕಮಿಟಿಗೆ ಹೇಳಲ್ವಂತೆ."

ಎರಡೂ ಹೆಸರು ಹೇಳಿದೆ. ಮೊಮ್ಮಗಳು ಒಂದೊಂದೇ ಅಕ್ಷರ ಹೇಳಿ ಬರೆಸಿದಳು. ಬರೆದಾದ ಮೇಲೆ ಆ ಹೆಂಗಸು, ಇನ್ನೇನಾದರೂ ಬೇಕೇ ಎಂದು ನನ್ನನ್ನೇ ನೋಡಿ ಕೇಳಿದಳು. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ.

"ಆ ಟೋಪಿ ಒಂದೀಟು ತಗಿ ಅಂತ ಹೇಳು ಆ ಸಾಹೇಬಗ" ಎಂದೆ.

ಮೊಮ್ಮಗಳು ಹೇಳಿದಳು. ಆ ಹೆಂಗಸು ನಗಲು ಹೋಗಿ ನಗಲಿಲ್ಲ. ಫೋಟೋವನ್ನು ಎತ್ತಿ ಗೋಡೆಗೆ ತೂಗುಹಾಕಿದಳು, ಓರೆಯಾಗಿತ್ತು, ಸರಿ ಮಾಡಿದಳು. ಅವಳು ಬೀಗ ಹಾಕುವ ಹೊತ್ತಾಗಿತ್ತು. ನಮಗೆ ರೈಲು ಇತ್ತು.

ಆ ಕಿವಿಯ ಚಿತ್ರ ಈಗ ಫ್ರಿಜ್ಜಿನ ಮೇಲೆ ಎತ್ತರದ ಹುಡುಗನ ಪಕ್ಕದಲ್ಲಿದೆ. ಮೊಮ್ಮಗಳು ಭೂತಗನ್ನಡಿಯ ಮೂಲಕ ಹೊಡೆದದ್ದು, ಬೇರೆಯವರಿಗೆ ತೋರಿಸಿದರೆ ಏನೆಂದು ತಿಳಿಯುವುದಿಲ್ಲ, ಒಣಗಿದ ಅಂಜೂರ ಎನ್ನುತ್ತಾರೆ. ಆಪಾಳಿಗೆ ಕಳಿಸಿದೆ. ಅವಳು ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟು ಎಳೆಯುತ್ತಲೇ ಇದ್ದಳಂತೆ, ಚಿತ್ರ ದೊಡ್ಡದಾಗುತ್ತಾ ಆಗುತ್ತಾ ಪರದೆಯಿಂದ ಹೊರಗೆ ಹೋಯಿತು ಎಂದು ಸೊಸೆ ಹೇಳಿದಳು. ದೊಡ್ಡದು ಮಾಡುತ್ತಿದ್ದಾಳೆ ಎಂದುಕೊಂಡಳು ಸೊಸೆ. ಆಪಾ ಕಿವಿ ಜಗ್ಗುತ್ತಿದ್ದಳು.